ಮಕ್ಕಳ ಸೈಕಲ್ ದಾರಿ: ಹಸಿರು ಪಟ್ಟಿಗಿಂತ ಮೊದಲು ಕೇಳಬೇಕಾದ್ದು

ಪ್ರಶ್ನೆ: ನಾವು ಮೈಸೂರಿನ ಕುವೆಂಪುನಗರದಲ್ಲಿದ್ದೇವೆ. ಮಗಳು ಏಳನೇ ತರಗತಿ, ಶಾಲೆ ಎರಡೂವರೆ ಕಿಲೋಮೀಟರ್ ದೂರ. ಸೈಕಲ್‌ನಲ್ಲೇ ಹೋಗುತ್ತೇನೆ ಅಂತ ಹಟ ಹಿಡಿದಿದ್ದಾಳೆ. ದಾರಿಯಲ್ಲಿ ಒಂದು ಎಂಬತ್ತು ಅಡಿ ರಸ್ತೆ ದಾಟಬೇಕು, ಒಂದು ದೊಡ್ಡ ಸರ್ಕಲ್ ಕೂಡ ಇದೆ. ಅದೇ ಶಾಲೆಯ ಒಂದಷ್ಟು ಪೋಷಕರು ಸೇರಿ ವಾಟ್ಸಾಪ್ ಗುಂಪು ಮಾಡಿಕೊಂಡಿದ್ದೇವೆ. ಬಡಾವಣೆಯ ಮುಖಂಡರೊಬ್ಬರು ಎಂಬತ್ತು ಅಡಿ ರಸ್ತೆಯ ಅಂಚಿಗೆ ಹಸಿರು ಬಣ್ಣದ ಸೈಕಲ್ ಪಥ ಹಾಕಿಸಿಕೊಡುವ ಮಾತಾಡಿದ್ದಾರೆ. ಅದಕ್ಕೆ ಒಪ್ಪಿಕೊಳ್ಳುವುದೇ, ಬೇರೆ ಏನಾದರೂ ಕೇಳುವುದೇ? ಮಗಳನ್ನು ಈಗಲೇ ಕಳಿಸಬಹುದೇ?

ಉತ್ತರ: ಹಸಿರು ಪಟ್ಟಿಗೆ ಈಗಲೇ ಹೂಂ ಅನ್ನಬೇಡಿ. ಅದೇ ಹಣಕ್ಕೆ, ಬಹುಶಃ ಅದಕ್ಕಿಂತ ಕಡಿಮೆಗೆ, ಮೂರು ಕೆಲಸ ಆಗುತ್ತವೆ. ಶಾಲೆ ಕಡೆಗಿನ ಒಳರಸ್ತೆಗಳಲ್ಲಿ ವಾಹನಗಳ ವೇಗ ಗಂಟೆಗೆ 30 ಕಿಲೋಮೀಟರ್‌ಗಿಂತ ಕೆಳಗಿಳಿಯುವ ಹಾಗೆ ಮಾಡುವುದು, ಎಂಬತ್ತು ಅಡಿ ರಸ್ತೆ ದಾಟಲು ಒಂದೇ ಒಂದು ಸರಿಯಾದ ಜಾಗ ಕಟ್ಟುವುದು, ಶಾಲೆಯ ಗೇಟಿನ ಮುಂದಿನ ರಸ್ತೆಯನ್ನು ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಮೋಟಾರು ವಾಹನಗಳಿಗೆ ಮುಚ್ಚುವುದು. ಈ ಮೂರೂ ಇದ್ದರೆ ಮಕ್ಕಳು ದೊಡ್ಡ ರಸ್ತೆಯ ಉದ್ದಕ್ಕೂ ಸೈಕಲ್ ಹೊಡೆಯುವ ಪ್ರಸಂಗವೇ ಬರುವುದಿಲ್ಲ.

ಬರೀ ಬಣ್ಣದ ಪಟ್ಟಿಯ ಕಥೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರು ಸಾಕಷ್ಟು ಪಾಠ ಹೇಳಿದೆ. ಜಯನಗರದಲ್ಲಿ ರಸ್ತೆ ಅಂಚಿಗೆ ಗುರುತು ಹಾಕಿದ ಸೈಕಲ್ ಪಥಗಳು ಪಾರ್ಕಿಂಗ್ ಜಾಗಗಳಾದವು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಬೊಲ್ಲಾರ್ಡ್ (ವಾಹನ ತಡೆಯುವ ಗಿಡ್ಡ ಕಂಬ) ನೆಟ್ಟು ತಾತ್ಕಾಲಿಕ ಪಥ ಮಾಡಿದಾಗ ಬೊಲ್ಲಾರ್ಡ್‌ಗಳು ಮುರಿದವು, ಬೈಕುಗಳು ಒಳಗೆ ನುಗ್ಗಿದವು. ಇದಕ್ಕೆ ಜನರ ಶಿಸ್ತನ್ನಷ್ಟೇ ದೂರಿ ಪ್ರಯೋಜನವಿಲ್ಲ. ರಸ್ತೆಯ ಎಡ ಅಂಚಿನ ಒಂದೂವರೆ ಮೀಟರ್ ನಮ್ಮ ಊರುಗಳಲ್ಲಿ ಖಾಲಿ ಜಾಗವೇ ಅಲ್ಲ. ಕಾರು ನಿಲ್ಲುವುದು, ಬಸ್ಸು ಹತ್ತುವುದು, ತರಕಾರಿ ಗಾಡಿ, ಮಳೆನೀರು, ಮರಳು ಜಲ್ಲಿಯ ರಾಶಿ ಎಲ್ಲ ಅಲ್ಲೇ. ಅದರ ಮೇಲೆ ಹಸಿರು ಬಳಿದರೆ ಅವು ಎಲ್ಲಿಗೂ ಹೋಗುವುದಿಲ್ಲ. ನಿಂತ ಪ್ರತಿ ಕಾರಿಗೂ ಮಗು ಪಥ ಬಿಟ್ಟು ಬಲಕ್ಕೆ, ಹಿಂದಿನಿಂದ 50ರ ವೇಗದಲ್ಲಿ ಬರುವ ವಾಹನಗಳ ನಡುವೆ ಬರಬೇಕು. ಪಟ್ಟಿ ಇಲ್ಲದಿದ್ದರೆ ಆ ರಸ್ತೆಗೆ ಇಳಿಯಲು ಹೆದರುತ್ತಿದ್ದ ಮಗು ಪಟ್ಟಿಯನ್ನು ನಂಬಿ ಇಳಿಯುತ್ತದೆ. ನನ್ನ ದೊಡ್ಡ ಆತಂಕ ಇದು. ಮಳೆಗಾಲದಲ್ಲಿ ದಪ್ಪ ಬಣ್ಣ ಜಾರುತ್ತದೆ ಎಂಬುದು ಇನ್ನೊಂದು.

ದೊಡ್ಡ ರಸ್ತೆಯಲ್ಲಿ ಸೈಕಲ್ ಪಥ ಆಗಲೇಬಾರದು ಎಂದಲ್ಲ. ಆದರೆ ಮಾಡುವುದಾದರೆ ಪೂರ್ತಿ ಮಾಡಬೇಕು: ಒಬ್ಬರನ್ನೊಬ್ಬರು ದಾಟಲು ಕನಿಷ್ಠ 2 ಮೀಟರ್ ಅಗಲ, ವಾಹನಗಳಿಂದ ಬೇರ್ಪಡಿಸುವ 15 ಸೆಂಟಿಮೀಟರ್ ಎತ್ತರದ ಕಲ್ಲಿನ ಅಂಚು, ಪಕ್ಕದಲ್ಲಿ ಕಾರು ನಿಲ್ಲುವುದಾದರೆ ಅದರ ಬಾಗಿಲು ತೆರೆದುಕೊಳ್ಳಲು ಮುಕ್ಕಾಲರಿಂದ ಒಂದು ಮೀಟರ್ ಬಿಡುವು. ಪಥದ ಬಾಯಲ್ಲಿ ಬೊಲ್ಲಾರ್ಡ್‌ಗಳ ನಡುವೆ 1.2 ಮೀಟರ್ ಬಿಟ್ಟರೆ ಸೈಕಲ್ಲೂ ಗಾಲಿಕುರ್ಚಿಯೂ ಸಲೀಸಾಗಿ ಹೋಗುತ್ತವೆ, ಕಾರು ಆಟೋಗಳಿಗೆ ದಾರಿಯಿಲ್ಲ. ಬೈಕನ್ನು ತಡೆಯುವ ಬೊಲ್ಲಾರ್ಡ್ ಮಾತ್ರ ಇಲ್ಲ. ಸೈಕಲ್ ನುಗ್ಗುವ ಸಂದಿನಲ್ಲಿ ಬೈಕೂ ನುಗ್ಗುತ್ತದೆ. ಅದನ್ನು ತಡೆಯಲು ಪೊಲೀಸರು ನಿಲ್ಲಬೇಕು, ಇಲ್ಲವೇ ಆ ಪಥದಲ್ಲಿ ಹೋಗಿ ಬೈಕಿನವರಿಗೆ ಏನೂ ಲಾಭವಾಗದ ಹಾಗೆ ಅದನ್ನು ರೂಪಿಸಬೇಕು. ನಿಮ್ಮ ಎಂಬತ್ತು ಅಡಿ ರಸ್ತೆಗೆ ಸಾಲು ಸಾಲಾಗಿ ಕ್ರಾಸ್‌ಗಳು ಬಂದು ಸೇರುತ್ತವೆ. ಪ್ರತಿ ಕ್ರಾಸ್‌ನಲ್ಲೂ ಪಥ ತುಂಡಾಗುತ್ತದೆ, ಎಡಕ್ಕೆ ತಿರುಗುವ ವಾಹನ ಸೈಕಲ್ಲಿಗೆ ಅಡ್ಡ ಬರುವುದೂ ಅಲ್ಲೇ.

ಈಗ ವೇಗದ ಲೆಕ್ಕ. ಚಾಲಕನ ಕಣ್ಣಿಗೆ ಮಗು ಬಿದ್ದ ಮೇಲೆ ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಎಂದಿಟ್ಟುಕೊಳ್ಳಿ. ಒಣ ಡಾಂಬರಿನ ಮೇಲೆ 30ರ ವೇಗದ ಕಾರು ಆ ಒಂದು ಸೆಕೆಂಡಿನಲ್ಲಿ 8 ಮೀಟರ್, ಬ್ರೇಕ್ ಹಿಡಿದ ಮೇಲೆ ಸುಮಾರು 5 ಮೀಟರ್ ಹೋಗಿ 13 ಮೀಟರ್‌ಗೆ ನಿಲ್ಲುತ್ತದೆ. 50ರಲ್ಲಿ ಬಂದರೆ 14 ಮೀಟರ್, ಮತ್ತೆ 14 ಮೀಟರ್, ಒಟ್ಟು 28. ಅಂದರೆ 30ರಲ್ಲಿ ಬಂದ ಕಾರು ನಿಂತುಬಿಟ್ಟ ಜಾಗದಲ್ಲಿ 50ರಲ್ಲಿ ಬಂದ ಕಾರಿನ ಬ್ರೇಕೇ ಇನ್ನೂ ಹಿಡಿದಿರುವುದಿಲ್ಲ. ಒಳರಸ್ತೆಗಳ ವೇಗ ಇಳಿಸಿ ಎಂದು ಮೊದಲು ಕೇಳಬೇಕಾದ್ದು ಇದಕ್ಕೇ. ನೆದರ್‌ಲ್ಯಾಂಡ್ಸ್‌ನಲ್ಲಿ ಎಪ್ಪತ್ತರ ದಶಕದ ಆರಂಭದಲ್ಲಿ ರಸ್ತೆಯಲ್ಲಿ ಮಕ್ಕಳ ಸಾವಿನ ವಿರುದ್ಧ ಪೋಷಕರೇ ಬೀದಿಗಿಳಿದರು. ಅಲ್ಲಿನ ರಸ್ತೆ ವಿನ್ಯಾಸ ಈಗ ನಡೆಯುವ ಸೂತ್ರ ಸರಳ: ವೇಗ 30ರೊಳಗಿದ್ದರೆ ಸೈಕಲ್ಲು ಕಾರು ಒಂದೇ ರಸ್ತೆಯಲ್ಲಿ ಹೋಗಲಿ, 50 ಇದ್ದರೆ ಬೇರೆ ಬೇರೆ ಮಾಡು. ಅಲ್ಲಿನ ವಸತಿ ಬೀದಿಗಳಲ್ಲಿ ಪ್ರತ್ಯೇಕ ಸೈಕಲ್ ಪಥ ಹುಡುಕಿದರೂ ಸಿಗುವುದು ಅಪರೂಪ. ಬೀದಿಯೇ ನಿಧಾನ, ಪಥದ ಅಗತ್ಯವಿಲ್ಲ. ಕುವೆಂಪುನಗರದಂಥ ಬಡಾವಣೆಗೆ ಈ ಸೂತ್ರ ತುಂಬ ಚೆನ್ನಾಗಿ ಒಗ್ಗುತ್ತದೆ. ಮೇನ್, ಕ್ರಾಸ್ ಎಂದು ಚೌಕಳಿಯಾಗಿ ಹಾಕಿದ ಮೂವತ್ತು, ನಲವತ್ತು ಅಡಿಯ ರಸ್ತೆಗಳಿವೆ, ಮರಗಳ ನೆರಳಿದೆ, ಒಂದು ರಸ್ತೆ ಬಿಟ್ಟರೆ ಸಮಾನಾಂತರವಾಗಿ ಇನ್ನೊಂದಿದೆ.

ಮೊದಲ ಕೆಲಸ: ನಕ್ಷೆ, ಸ್ಟಾಪ್‌ವಾಚ್

ಶಾಲೆಯವರ ಒಪ್ಪಿಗೆ ಪಡೆದು ಮಕ್ಕಳ ಮನೆಗಳನ್ನು ಬಡಾವಣೆಯ ನಕ್ಷೆಯಲ್ಲಿ ಚುಕ್ಕೆ ಇಟ್ಟು ಗುರುತಿಸಿ. ಹೆಸರು, ಮನೆ ನಂಬರ್ ಬೇಡ, ಯಾವ ಕ್ರಾಸ್ ಎಂಬುದು ಸಾಕು. ಮೂರು ಕಿಲೋಮೀಟರ್‌ಗಿಂತ ಹತ್ತಿರದವರನ್ನು ಒಂದು ಬಣ್ಣದಲ್ಲಿ ಹಾಕಿ. ಗಂಟೆಗೆ 12 ಕಿಲೋಮೀಟರ್ ವೇಗದ ಮಗುವಿಗೆ ಅದು ಕಾಲು ಗಂಟೆಯ ದಾರಿ. ಸಾಮಾನ್ಯವಾಗಿ ಮೂರು ನಾಲ್ಕು ಗುಂಪುಗಳು ಎದ್ದು ಕಾಣುತ್ತವೆ, ಎಲ್ಲವೂ ಒಂದೆರಡು ಕಡೆಯಲ್ಲೇ ದೊಡ್ಡ ರಸ್ತೆ ದಾಟುತ್ತಿರುತ್ತವೆ. ಆಮೇಲೆ ಮಕ್ಕಳ ಕೈಗೆ ಕೆಂಪು ಪೆನ್ಸಿಲ್ ಕೊಟ್ಟು ಹೆದರಿಕೆಯಾಗುವ ಜಾಗ ಗುರುತಿಸಲು ಹೇಳಿ. ಡೆನ್ಮಾರ್ಕ್‌ನ ಒಡೆನ್ಸ ನಗರ ಶಾಲೆಯ ದಾರಿಗಳನ್ನು ಸರಿಪಡಿಸಲು ಹೊರಟಾಗ ಹಿಡಿದ ವಿಧಾನ ಇದು. ದೊಡ್ಡವರ ಪಟ್ಟಿಯಲ್ಲಿ ಬರದ ಸಂಗತಿಗಳು ಮಕ್ಕಳ ಪಟ್ಟಿಯಲ್ಲಿರುತ್ತವೆ: ಬೀದಿನಾಯಿ ಮಲಗುವ ತಿರುವು, ನೀರಿನ ಟ್ಯಾಂಕರ್ ಹಿಮ್ಮುಖವಾಗಿ ಬರುವ ಓಣಿ, ಕಾಂಪೌಂಡಿನ ಬಳ್ಳಿ ಬೆಳೆದು ರಸ್ತೆ ಕಾಣದ ಮೂಲೆ.

ವೇಗ ಅಳೆಯಲು ಯಂತ್ರ ಬೇಕಿಲ್ಲ. ಟೇಪ್ ಹಿಡಿದು 50 ಮೀಟರ್ ಅಳೆದು ಎರಡೂ ತುದಿಯಲ್ಲಿ ಸುಣ್ಣದ ಗೆರೆ ಎಳೆಯಿರಿ. ವಾಹನದ ಮುಂದಿನ ಚಕ್ರ ಮೊದಲ ಗೆರೆ ಮುಟ್ಟಿದಾಗ ಒಬ್ಬರು ಕೈ ಎತ್ತಲಿ, ಎರಡನೇ ಗೆರೆಯಲ್ಲಿರುವವರು ಮೊಬೈಲಿನ ಸ್ಟಾಪ್‌ವಾಚ್ ಒತ್ತಲಿ, ಚಕ್ರ ತಮ್ಮ ಗೆರೆ ಮುಟ್ಟಿದಾಗ ನಿಲ್ಲಿಸಲಿ. 6 ಸೆಕೆಂಡ್ ಆದರೆ ವೇಗ 30, 4.5 ಆದರೆ 40, 3.6 ಆದರೆ 50. ಶಾಲೆ ಶುರುವಾಗುವ ಹೊತ್ತಿನಲ್ಲಿ ನೂರು ವಾಹನ ಅಳೆದು ವೇಗದ ಏರಿಕೆ ಕ್ರಮದಲ್ಲಿ ಬರೆಯಿರಿ. 85ನೇ ವಾಹನದ ವೇಗ ಎಷ್ಟಿದೆಯೋ ಅದನ್ನೇ ಎಂಜಿನಿಯರ್‌ಗಳು ಲೆಕ್ಕಕ್ಕೆ ಹಿಡಿಯುವುದು. "ಇಲ್ಲಿ ಗಾಡಿಗಳು ತುಂಬ ಜೋರಾಗಿ ಬರುತ್ತವೆ" ಎಂಬ ಅರ್ಜಿ ಕಡತದಲ್ಲಿ ಮಲಗುತ್ತದೆ. "ಶಾಲೆಯ ಹಿಂದಿನ ಕ್ರಾಸ್‌ನಲ್ಲಿ ಬೆಳಗ್ಗೆ 8.30ರಿಂದ 9.15ರವರೆಗೆ ನೂರು ವಾಹನ ಅಳೆದೆವು, 85ನೆಯದರ ವೇಗ 44" ಎಂದು ಬರೆದರೆ ಉತ್ತರ ಬರೆಯದೆ ವಿಧಿಯಿಲ್ಲ. ಗೆರೆಯ ಹತ್ತಿರ ಹಳದಿ ಜಾಕೆಟ್ ತೊಟ್ಟು ನಿಲ್ಲಬೇಡಿ. ಪೊಲೀಸರೆಂದು ಎಲ್ಲರೂ ನಿಧಾನ ಮಾಡಿ ಲೆಕ್ಕ ಕೆಡುತ್ತದೆ.

ಒಳರಸ್ತೆಯ ವೇಗ ಇಳಿಸುವ ಬಗೆ

ಹಂಪ್ಸ್ ಹಾಕಿ ಎಂದಷ್ಟೇ ಕೇಳಿದರೆ ಸಿಗುವುದು ಗಿಡ್ಡ ದಿಣ್ಣೆ, ಇಲ್ಲವೇ ಮೊಳೆ ಹೊಡೆದ ಕಪ್ಪು ಹಳದಿ ರಬ್ಬರ್ ಪಟ್ಟಿ. ಇವುಗಳಿಂದ ಮಕ್ಕಳಿಗೇ ತೊಂದರೆ. ಬೈಕಿನವರು ದಿಣ್ಣೆ ತಪ್ಪಿಸಲು ಚರಂಡಿ ಅಂಚಿನ ಸಂದಿಗೆ ಸರಿಯುತ್ತಾರೆ, ಸೈಕಲ್ ಮಕ್ಕಳೂ ಅದೇ ಸಂದಿಗೆ ಸರಿಯುತ್ತಾರೆ. ರಬ್ಬರ್ ತುಂಡು ಕಿತ್ತುಹೋದ ಮೇಲೆ ಮೊಳೆ ಮಾತ್ರ ಉಳಿಯುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಕೈಪಿಡಿ ಐಆರ್‌ಸಿ 99ರಲ್ಲಿ ಹಂಪ್‌ನ ಅಳತೆ ಸ್ಪಷ್ಟವಾಗಿದೆ: ವಾಹನ ಹೋಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ, 17 ಮೀಟರ್ ತ್ರಿಜ್ಯದ ಮೆಲ್ಲನೆಯ ಕಮಾನು. 25ರ ವೇಗದಲ್ಲಿ ಹತ್ತಿ ಇಳಿದರೆ ಬೆನ್ನಿಗೆ ಏನೂ ಆಗದು, 40ರಲ್ಲಿ ಬಂದವರಿಗೆ ಮೈ ಕುಲುಕುತ್ತದೆ. ಅರ್ಜಿಯಲ್ಲಿ ಈ ಮೂರು ಅಂಕಿಗಳನ್ನು ಬರೆಯಿರಿ, ಕೆಲಸ ಮುಗಿದ ದಿನ 3.7 ಮೀಟರ್ ಇದೆಯೇ ಎಂದು ಟೇಪ್ ಹಿಡಿದು ನೋಡಿ. ಗುತ್ತಿಗೆದಾರರು ಡಾಂಬರು ಉಳಿಸುವುದು ಈ ಅಗಲದಲ್ಲೇ. ಒಂದು ಹಂಪ್‌ನಿಂದ ಇನ್ನೊಂದಕ್ಕೆ ನೂರು ಮೀಟರ್ ದಾಟಬಾರದು, ದಾಟಿದರೆ ನಡುವೆ ಮತ್ತೆ ವೇಗ ಏರುತ್ತದೆ. ಅಂಚಿನಲ್ಲಿ ಮಳೆನೀರು ಹರಿಯಲು ಪೈಪ್ ಹಾಕಿಸಿ, ಸಂದಿ ಬಿಡಿಸಬೇಡಿ. ಬಿಳಿ ಪಟ್ಟೆ ಮಾಸಿದ ಹಂಪ್ ರಾತ್ರಿ ಬೈಕ್ ಸವಾರರನ್ನು ಕೆಡವುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ ಬಣ್ಣ ಹಚ್ಚುವುದನ್ನೂ ಅರ್ಜಿಯಲ್ಲಿ ಸೇರಿಸಿ.

ಹಂಪ್‌ಗಿಂತ ನನಗೆ ಹೆಚ್ಚು ನಂಬಿಕೆ ಇರುವುದು ಪಾರ್ಕಿಂಗ್ ಬದಲಿಸುವುದರಲ್ಲಿ. ಮೂವತ್ತು ಅಡಿ ರಸ್ತೆಯಲ್ಲಿ ಮೊದಲ 30-40 ಮೀಟರ್ ಎಡಗಡೆ ಕಾರು ನಿಲ್ಲಲಿ, ಮುಂದಿನ 30-40 ಮೀಟರ್ ಬಲಗಡೆ. ನೇರ ರಸ್ತೆ ಹಾವಿನ ನಡೆಯಾಗುತ್ತದೆ, ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ. ಬೇಕಾಗುವುದು ಬಿಳಿ ಬಣ್ಣ, ಪ್ರತಿ ತಿರುವಿಗೆ ಎರಡು ಸಿಮೆಂಟ್ ಕುಂಡ, ಅಷ್ಟೇ. ಮನೆಗಳ ಗೇಟು ಎಲ್ಲಿವೆ ನೋಡಿಕೊಂಡು ಗುರುತು ಹಾಕಬೇಕು, ಇಲ್ಲದಿದ್ದರೆ ಮೊದಲ ದಿನವೇ ಜಗಳ.

ಇನ್ನೂ ಗಟ್ಟಿಯಾದ ಉಪಾಯವೊಂದಿದೆ. ಎಂಬತ್ತು ಅಡಿ ರಸ್ತೆಯ ಸಿಗ್ನಲ್ ತಪ್ಪಿಸಲು ಜನ ನುಗ್ಗುವ ಒಂದು ಒಳರಸ್ತೆ ಎಲ್ಲ ಬಡಾವಣೆಯಲ್ಲೂ ಇರುತ್ತದೆ. ಅದರ ಒಂದು ತುದಿಯನ್ನು ಬೊಲ್ಲಾರ್ಡ್ ನೆಟ್ಟು ಕಾರು ಆಟೋಗಳಿಗೆ ಮುಚ್ಚಿಬಿಡುವುದು. ಆ ರಸ್ತೆಯ ಎಲ್ಲ ಮನೆಗೂ ಇನ್ನೊಂದು ತುದಿಯಿಂದ ವಾಹನ ಹೋಗುತ್ತದೆ, ಆಚೆಗೆ ಹಾಯುವ ವಾಹನ ಮಾತ್ರ ನಿಲ್ಲುತ್ತದೆ. ನಡುವಿನ ಬೊಲ್ಲಾರ್ಡ್ ಬೀಗ ತೆಗೆದು ಎತ್ತುವಂಥದ್ದಿರಲಿ, ಬೀಗದ ಕೈ ಅಗ್ನಿಶಾಮಕ ಠಾಣೆಯಲ್ಲೂ ಎರಡು ಮನೆಗಳಲ್ಲೂ ಇರಲಿ. ಕಸದ ಆಟೋ ಹಿಮ್ಮುಖವಾಗಿ ಬರುವಂತಾದರೆ ಅದೇ ಹೊಸ ಅಪಾಯ. ಅದು ತಿರುಗಿಕೊಳ್ಳಲು ಜಾಗ ಇರುವ ರಸ್ತೆಯನ್ನೇ ಆರಿಸಿ, ಇಲ್ಲವೇ ಅದರ ಮಾರ್ಗ ಬದಲಿಸಲು ಆರೋಗ್ಯ ನಿರೀಕ್ಷಕರ ಜತೆ ಮೊದಲೇ ಮಾತಾಡಿ.

ಮೂಲೆಗಳನ್ನು ಮರೆಯಬೇಡಿ. ಕ್ರಾಸ್ ಸೇರುವ ಪ್ರತಿ ಮೂಲೆಯಿಂದ 6ರಿಂದ 10 ಮೀಟರ್ ದೂರದವರೆಗೆ ಪಾರ್ಕಿಂಗ್ ಇರಬಾರದು. ನಾಲ್ಕೂವರೆ ಅಡಿ ಎತ್ತರದ ಮಗು ನಿಂತ ಕಾರಿನ ಮರೆಯಿಂದ ಬಂದರೆ ಯಾರಿಗೂ ಕಾಣುವುದಿಲ್ಲ, ಮಗುವಿಗೂ ರಸ್ತೆ ಕಾಣುವುದಿಲ್ಲ. ಬಣ್ಣ ಹೊಡೆದರೆ ಸಾಲದು, ಮೂಲೆಗೆ ನಾಲ್ಕು ಬೊಲ್ಲಾರ್ಡ್ ಬೇಕು. ಫ್ಲೆಕ್ಸ್ ತೆಗೆಸಿ, ಬಳ್ಳಿ ಕತ್ತರಿಸಿ. ಟ್ರಾನ್ಸ್‌ಫಾರ್ಮರ್ ಅಡ್ಡ ಇದ್ದರೆ ವಿದ್ಯುತ್ ಕಂಪನಿ ಸೆಸ್ಕ್‌ನವರು ಸದ್ಯಕ್ಕೆ ಸರಿಸುವುದಿಲ್ಲ, ಆ ಮೂಲೆಯನ್ನು ಮಕ್ಕಳ ದಾರಿಯಿಂದಲೇ ಕೈಬಿಡಿ.

ಒಂದು ಸಣ್ಣ ಸಂಗತಿ, ಆದರೆ ಹಲ್ಲು ಮುರಿಯುವಂಥದ್ದು: ಮಳೆನೀರಿನ ಜಾಲರಿ. ಅದರ ಕಂಬಿಗಳು ಸೈಕಲ್ ಹೋಗುವ ದಿಕ್ಕಿಗೇ ಉದ್ದಕ್ಕಿದ್ದರೆ ಚಕ್ರ ಸಿಕ್ಕಿ ಮಗು ಮುಂದಕ್ಕೆ ಎಗರುತ್ತದೆ. ಕಂಬಿ ಅಡ್ಡಕ್ಕಿರಬೇಕು. ಜಾಲರಿಯನ್ನು ಎತ್ತಿ ತಿರುಗಿಸಿ ಕೂರಿಸಿದರೆ ಎಷ್ಟೋ ಕಡೆ ಕೆಲಸ ಮುಗಿಯುತ್ತದೆ. ರಸ್ತೆ ಮಟ್ಟಕ್ಕಿಂತ ಮೇಲೆದ್ದ ಅಥವಾ ತಗ್ಗಿದ ಮ್ಯಾನ್‌ಹೋಲ್ ಮುಚ್ಚಳ, ಒಡೆದ ಚರಂಡಿ ಚಪ್ಪಡಿ, ಕೇಬಲ್‌ಗಾಗಿ ಅಗೆದು ಮಣ್ಣು ಮುಚ್ಚಿದ ಕಾಲುವೆ ಇವನ್ನೂ ನಕ್ಷೆಯಲ್ಲಿ ಹಾಕಿ.

ಎಂಬತ್ತು ಅಡಿ ರಸ್ತೆ, ಸರ್ಕಲ್, ಶಾಲೆಯ ಗೇಟು

2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತ 1,68,491 ಜನರಲ್ಲಿ 32,825 ಮಂದಿ ಪಾದಚಾರಿಗಳು. ಐದರಲ್ಲಿ ಒಬ್ಬರು. ದಾಟುವ ಜಾಗ ಕಟ್ಟಿದರೆ ಸೈಕಲ್ ಮಕ್ಕಳಿಗಷ್ಟೇ ಅಲ್ಲ, ನಡೆದು ಬರುವ ಮಕ್ಕಳಿಗೂ, ಹಾಲು ತರಲು ಹೋಗುವ ಅಜ್ಜಿಗೂ ಆಯಿತು.

ಎಂಬತ್ತು ಅಡಿ ಅಂದರೆ ಸುಮಾರು 24 ಮೀಟರ್. ಫುಟ್‌ಪಾತ್, ಡಿವೈಡರ್ ಕಳೆದರೆ ಒಂದೊಂದು ಬದಿಗೆ ಏಳು ಮೀಟರ್ ಡಾಂಬರು ಎಂದುಕೊಳ್ಳೋಣ. ಸೈಕಲ್ ತಳ್ಳಿಕೊಂಡು ಹೋಗುವ ಮಗು ಸೆಕೆಂಡಿಗೆ ಒಂದು ಮೀಟರ್ ನಡೆಯುತ್ತದೆ, ಒಂದು ಬದಿ ದಾಟಲು ಏಳು ಸೆಕೆಂಡ್. 50ರ ವೇಗದ ವಾಹನ ಅಷ್ಟರಲ್ಲಿ 97 ಮೀಟರ್ ಬಂದಿರುತ್ತದೆ. ಅಷ್ಟು ದೂರದ ವಾಹನದ ವೇಗ ಅಂದಾಜಿಸುವುದು ಮಕ್ಕಳಿಗೆ ಆಗುವ ಕೆಲಸವಲ್ಲ. 30ಕ್ಕೆ ಇಳಿಸಿದರೆ ಅದು 58 ಮೀಟರ್. ಹಾಗಾಗಿ ದಾಟುವ ಜಾಗವನ್ನು ಫುಟ್‌ಪಾತ್‌ನ ಎತ್ತರಕ್ಕೆ ಸಮೀಪವಾಗಿ ಎತ್ತರಿಸಿದ ಅಗಲ ಕಟ್ಟೆಯಾಗಿ ಕಟ್ಟಬೇಕು, ಮೇಲ್ಭಾಗ ಮೂರು ಮೀಟರ್‌ಗೆ ಕಡಿಮೆಯಿಲ್ಲದಂತೆ ಸಪಾಟು, ಎರಡೂ ಕಡೆ ಇಳಿಜಾರು. ಜೀಬ್ರಾ ಪಟ್ಟೆಯನ್ನು ಬರೀ ನೆಲಕ್ಕೆ ಬಳಿದರೆ ನಮ್ಮಲ್ಲಿ ಯಾರೂ ನಿಲ್ಲುವುದಿಲ್ಲ, ಎತ್ತರಿಸಿದರೆ ನಿಧಾನ ಮಾಡಲೇಬೇಕು. ನಡುವಿನ ಡಿವೈಡರ್ ಅಲ್ಲಿ ಕನಿಷ್ಠ 2 ಮೀಟರ್ ಅಗಲವಿರಲಿ, ಯಾಕೆಂದರೆ ಸೈಕಲ್ಲಿನ ಉದ್ದವೇ 1.8 ಮೀಟರ್. ಒಂದು ಮೀಟರ್ ಡಿವೈಡರ್‌ನಲ್ಲಿ ನಿಂತರೆ ಹಿಂದಿನ ಚಕ್ರ ರಸ್ತೆಯಲ್ಲಿರುತ್ತದೆ. ಡಿವೈಡರ್‌ನ ಸಂದಿಯಲ್ಲಿ ಬೈಕುಗಳು ಯೂ ಟರ್ನ್ ಹೊಡೆಯುತ್ತವೆ, ಇದು ಖಂಡಿತ. ಅದಕ್ಕೆ ಸಂದಿಯ ಒಳಗೆ ಕಬ್ಬಿಣದ ಕಂಬಿಗಳನ್ನು ಎದುರುಬದುರು ಅಡ್ಡ ಹಾಕಿ, ಇಳಿದು ತಳ್ಳಿಕೊಂಡು ಅಂಕುಡೊಂಕಾಗಿ ಹೋಗುವಂತೆ ಮಾಡಿ. ಕಂಬಿಗಳ ನಡುವೆ ಗಾಲಿಕುರ್ಚಿ ತಿರುಗುವಷ್ಟು ಜಾಗ ಬಿಟ್ಟಿದ್ದಾರೆಯೇ ನೋಡಿ. ಆ ಜಾಗಕ್ಕೆ ಬೆಳಕು ಬೇಕು, ಎರಡೂ ಕಡೆ 15 ಮೀಟರ್ ಪಾರ್ಕಿಂಗ್ ಬೇಡ, ಬಸ್ ನಿಲ್ದಾಣವಿದ್ದರೆ ದಾಟುವ ಜಾಗ ಬಸ್ಸಿನ ಹಿಂಬದಿಗೆ ಬರಲಿ. ಮುಂಬದಿಗೆ ಬಂದರೆ ಬಸ್ಸನ್ನು ಹಿಂದೆ ಹಾಕುವ ಬೈಕಿಗೆ ಮಗು ಕಾಣದು.

ಸರ್ಕಲ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮೈಸೂರಿನ ಸರ್ಕಲ್‌ಗಳು ನೋಡಲು ಚೆಂದ, ಆದರೆ ಎರಡು ಮೂರು ಸಾಲಿನಲ್ಲಿ ವಾಹನ ಸುತ್ತುವ ಸರ್ಕಲ್ಲಿನೊಳಗೆ ಹನ್ನೆರಡು ವರ್ಷದ ಮಗು ಸೈಕಲ್ ಹೊಡೆಯಬಾರದು. ದಾರಿ ಬದಲಿಸಿ, ಅರ್ಧ ಕಿಲೋಮೀಟರ್ ಹೆಚ್ಚಾದರೂ ಸರಿ. ಬದಲಿಸಲು ಆಗದಿದ್ದರೆ ಸರ್ಕಲ್ಲಿಗೆ ಸೇರುವ ರಸ್ತೆಯನ್ನು ಅದರ ಅಂಚಿನಿಂದ 6-10 ಮೀಟರ್ ಹಿಂದೆ, ತಳ್ಳಿಕೊಂಡು ದಾಟಲಿ.

ಶಾಲೆಯ ಗೇಟಿನ ಮುಂದೆ ಅಪಾಯ ತರುವವರು ಬಹುಪಾಲು ಪೋಷಕರೇ. ಸ್ಕೂಟರ್ ಅಡ್ಡಾದಿಡ್ಡಿ, ಕಾರು ಎರಡು ಸಾಲು, ವ್ಯಾನ್ ಹಿಮ್ಮುಖ, ಎಲ್ಲವೂ ಕಾಲು ಗಂಟೆಯೊಳಗೆ. ಇದಕ್ಕೆ ಇಟಲಿಯ ಬೊಲ್ಝಾನೋ ಪಟ್ಟಣ 1989ರಲ್ಲೇ ಒಂದು ಉತ್ತರ ಕಂಡುಕೊಂಡಿತು: ಶಾಲೆ ಶುರುವಾಗುವ, ಬಿಡುವ ಹೊತ್ತಿಗೆ ಆ ಬೀದಿಗೆ ಮೋಟಾರು ವಾಹನ ಬರಬಾರದು. ಈಗ ಯುರೋಪಿನ ಅನೇಕ ನಗರಗಳಲ್ಲಿ ಇದು ನಡೆಯುತ್ತಿದೆ. ನಿಮ್ಮಲ್ಲಿ ಮಾಡುವುದು ಕಷ್ಟವಲ್ಲ. ಗೇಟಿನ ಎರಡೂ ಕಡೆ ನೂರು ಮೀಟರ್ ಆಚೆ ಬ್ಯಾರಿಕೇಡ್, ಪ್ರತಿ ಬ್ಯಾರಿಕೇಡಿಗೆ ಇಬ್ಬರು ಪೋಷಕರು, ಒಬ್ಬ ಸಂಚಾರ ಪೊಲೀಸ್ ಅಥವಾ ಗೃಹರಕ್ಷಕ ಸಿಬ್ಬಂದಿ. ವಾಹನ ತಡೆಯುವ ಅಧಿಕಾರ ಪೋಷಕರಿಗಿಲ್ಲ, ಪೊಲೀಸರಿಲ್ಲದೆ ಹೊರಟರೆ ಎರಡನೇ ದಿನವೇ ಮಾತಿಗೆ ಮಾತು ಬೆಳೆಯುತ್ತದೆ. ಆ ಬೀದಿಯ ನಿವಾಸಿಗಳ ವಾಹನಕ್ಕೆ ನಡಿಗೆಯ ವೇಗದಲ್ಲಿ ಬಿಡಿ, ಅವರ ಗಾಡಿಯ ಗಾಜಿಗೆ ಚೀಟಿ ಕೊಡಿ. ಕಾರಿನಲ್ಲಿ ಬರುವ ಮಕ್ಕಳನ್ನು ಇಳಿಸಲು 150-200 ಮೀಟರ್ ದೂರದಲ್ಲಿ, ಫುಟ್‌ಪಾತ್ ಇರುವ ಬದಿಯಲ್ಲಿ ಒಂದು ಜಾಗ ಗೊತ್ತುಮಾಡಿ. ಇದನ್ನು ಗೊತ್ತುಮಾಡದೆ ರಸ್ತೆ ಮುಚ್ಚಿದರೆ ಗೇಟಿನ ಗೊಂದಲ ಬ್ಯಾರಿಕೇಡಿನ ಬಳಿಗೆ ಸರಿಯುತ್ತದೆ, ಅಷ್ಟೇ. ಚಿಕ್ಕ ತರಗತಿಗಳನ್ನು ಹತ್ತು ನಿಮಿಷ ಮೊದಲು ಬಿಟ್ಟರೆ ಗೇಟಿನ ಗುಂಪು ಅರ್ಧಕ್ಕೆ ಇಳಿಯುತ್ತದೆ. ಅದಕ್ಕೆ ಯಾರ ಅನುಮತಿಯೂ ಬೇಡ, ಮುಖ್ಯೋಪಾಧ್ಯಾಯರ ಮನಸ್ಸು ಸಾಕು.

ಕಾನೂನಿನಲ್ಲಿ ಇದಕ್ಕೆ ದಾರಿ ಇದೆ. ಮೋಟಾರು ವಾಹನ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಸುರಕ್ಷತೆಯ ಕಾರಣಕ್ಕೆ ಒಂದು ರಸ್ತೆಯಲ್ಲಿ ವಾಹನ ನಿರ್ಬಂಧಿಸಬಹುದು. ನಿರ್ಬಂಧ ಒಂದು ತಿಂಗಳು ಮೀರದಿದ್ದರೆ ರಾಜ್ಯಪತ್ರದಲ್ಲಿ ಅಧಿಸೂಚನೆ ಬೇಕಿಲ್ಲ, ಸ್ಥಳೀಯವಾಗಿ ಪ್ರಚಾರ ಕೊಟ್ಟರೆ ಸಾಕು. ಆದ್ದರಿಂದ ಶಾಶ್ವತ ಆದೇಶ ಕೇಳಬೇಡಿ, ಒಂದು ತಿಂಗಳ ಪ್ರಯೋಗ ಕೇಳಿ. ನಗರ ಪೊಲೀಸ್ ಆಯುಕ್ತರ ಹೆಸರಿಗೆ ಅರ್ಜಿ, ಅದರ ಒಂದು ಪ್ರತಿ ಸಂಚಾರ ಠಾಣೆಗೆ.

ಮಗಳನ್ನು ಕಳಿಸಬಹುದೇ?

ಹನ್ನೆರಡು ವರ್ಷ ಸರಿಯಾದ ವಯಸ್ಸು. ಜರ್ಮನಿಯಲ್ಲಿ ಎಂಟು ವರ್ಷದೊಳಗಿನ ಮಕ್ಕಳು ಫುಟ್‌ಪಾತ್‌ನಲ್ಲೇ ಸೈಕಲ್ ಹೊಡೆಯಬೇಕು, ಹತ್ತರವರೆಗೂ ಹೊಡೆಯಬಹುದು. ಡಚ್ ಮಕ್ಕಳು ಪ್ರಾಥಮಿಕ ಶಾಲೆಯ ಕೊನೆಯ ಹಂತದಲ್ಲಿ ಸಂಚಾರ ಪರೀಕ್ಷೆ ಬರೆಯುತ್ತಾರೆ, ಸೈಕಲ್ ಹತ್ತಿ ತೋರಿಸುತ್ತಾರೆ. ನೀವೂ ಭಾನುವಾರ ಮೈದಾನದಲ್ಲಿ ನೋಡಿ. ಮೂವತ್ತು ಮೀಟರ್ ನೇರ ಗೆರೆಯ ಮೇಲೆ ಹೋಗುತ್ತ ಬಲ ಭುಜದ ಮೇಲಿಂದ ಹಿಂದೆ ನೋಡಿ, ನೀವು ಎತ್ತಿದ ಬೆರಳೆಷ್ಟು ಎಂದು ಹೇಳಬೇಕು, ಸೈಕಲ್ ವಾಲಬಾರದು. ಬಲಗೈ ಚಾಚಿ ಹತ್ತು ಮೀಟರ್ ಹೋಗಬೇಕು. "ನಿಲ್ಲು" ಎಂದಾಗ ಎರಡೂ ಬ್ರೇಕ್ ಹಿಡಿದು ಜಾರದೆ ಮೂರು ಮೀಟರ್‌ನೊಳಗೆ ನಿಲ್ಲಬೇಕು. ನಡಿಗೆಗಿಂತ ನಿಧಾನವಾಗಿ ಕಾಲು ಊರದೆ ಹೋಗಬೇಕು. ಹೆಚ್ಚಿನ ಮಕ್ಕಳು ಸೋಲುವುದು ಮೊದಲನೆಯದರಲ್ಲಿ, ಎರಡು ವಾರದ ಅಭ್ಯಾಸಕ್ಕೆ ಬಂದುಬಿಡುತ್ತದೆ. ಅದು ಬರುವವರೆಗೆ ರಸ್ತೆಗಿಳಿಸಬೇಡಿ. ಬಲಕ್ಕೆ ತಿರುಗುವಾಗ ರಸ್ತೆಯ ನಡುವೆ ಬರುವುದೇ ಬೇಡ. ನೇರ ಆಚೆ ಬದಿಗೆ ಹೋಗಿ, ಎಡ ಅಂಚಿನಲ್ಲಿ ಇಳಿದು, ಸೈಕಲ್ ತಿರುಗಿಸಿಕೊಂಡು ಮತ್ತೆ ದಾಟಲಿ.

ಸೀಟಿನ ಮೇಲೆ ಕೂತಾಗ ಎರಡೂ ಕಾಲಿನ ಮುಂಪಾದ ನೆಲಕ್ಕೆ ತಾಗಬೇಕು. ಮುಂದೆ ಬೆಳೆಯುತ್ತಾಳೆ ಎಂದು ದೊಡ್ಡ ಸೈಕಲ್ ಕೊಡಿಸುವುದು ನಮ್ಮ ಮನೆಗಳ ರೂಢಿ, ಬೀಳುವುದಕ್ಕೆ ಅದೂ ಒಂದು ಕಾರಣ. 135ರಿಂದ 150 ಸೆಂಟಿಮೀಟರ್ ಎತ್ತರದವರಿಗೆ 24 ಇಂಚಿನ ಚಕ್ರ ಸಾಕು. ಬ್ರೇಕ್ ಹಿಡಿಯನ್ನು ಪೂರ್ತಿ ಒತ್ತಿದರೂ ಹ್ಯಾಂಡಲ್‌ಗೆ ತಾಗಬಾರದು, ನಡುವೆ ಒಂದು ಬೆರಳು ತೂರಬೇಕು. ಬ್ರೇಕ್ ರಬ್ಬರ್ ರಿಮ್ಮಿಗೆ ಹಿಡಿಯಬೇಕು, ಟೈರಿಗೆ ತಾಗಿದರೆ ಟೈರ್ ಸೀಳುತ್ತದೆ. ಗಾಳಿ ಎಷ್ಟು ಎಂದು ಟೈರಿನ ಮಗ್ಗುಲಲ್ಲೇ ಅಚ್ಚಾಗಿದೆ. ಚೈನಿಗೆ ಕವರ್ ಇಲ್ಲದಿದ್ದರೆ ಚೂಡಿದಾರದ ಪ್ಯಾಂಟು, ದುಪ್ಪಟ್ಟಾ ಸಿಕ್ಕಿಕೊಳ್ಳುತ್ತದೆ. ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳು ಮೇಲಕ್ಕೆ, ಪಟ್ಟಿ ಗದ್ದದಡಿ ಒಂದು ಬೆರಳಷ್ಟೇ ಸಡಿಲ. ಚೀಲ ಹ್ಯಾಂಡಲ್‌ಗೆ ತೂಗುಹಾಕಬಾರದು, ಹಿಂದಿನ ಕ್ಯಾರಿಯರ್‌ಗೆ ರಬ್ಬರ್ ಪಟ್ಟಿಯಿಂದ ಬಿಗಿಯಲಿ. ಕೇಂದ್ರದ 2020ರ ಶಾಲಾ ಚೀಲ ನೀತಿ ಹೇಳುವಂತೆ ಚೀಲದ ತೂಕ ಮಗುವಿನ ತೂಕದ ಹತ್ತನೇ ಒಂದು ಭಾಗ ಮೀರಬಾರದು. ಮಳೆಯಲ್ಲಿ ರಿಮ್ ನೆನೆದರೆ ಬ್ರೇಕ್ ತಡವಾಗಿ ಹಿಡಿಯುತ್ತದೆ, ಮೂಲೆಗೆ ಬರುವ ಮೊದಲೇ ಒಮ್ಮೆ ಹಗುರವಾಗಿ ಒತ್ತಿ ನೀರು ಒರೆಸಿಕೊಳ್ಳುವುದನ್ನು ಕಲಿಸಿ. ರೇನ್‌ಕೋಟಿನ ಟೋಪಿ ಪಕ್ಕದ ನೋಟ ಮುಚ್ಚುತ್ತದೆ. ಕೊಡೆ ಹಿಡಿದು ಸೈಕಲ್ ಖಂಡಿತ ಬೇಡ.

ಮೊದಲ ಎರಡು ತಿಂಗಳು ಒಬ್ಬಳೇ ಹೋಗುವುದೂ ಬೇಡ. ನಕ್ಷೆಯಲ್ಲಿ ಕಂಡ ಗುಂಪಿನ ಮಕ್ಕಳು ಒಟ್ಟಿಗೆ ಹೊರಡಲಿ, ಬಾರ್ಸಿಲೋನಾದ ಪೋಷಕರು 2021ರಿಂದ ನಡೆಸುತ್ತಿರುವ ಸೈಕಲ್ ಬಸ್ ಹೀಗೇ. ಮುಂದೆ ಒಬ್ಬರು, ಹಿಂದೆ ಒಬ್ಬರು ದೊಡ್ಡವರು, ಐದಾರು ಮಕ್ಕಳಿಗೆ ಒಬ್ಬರ ಲೆಕ್ಕ. ಹನ್ನೆರಡು ಮಕ್ಕಳಿಗಿಂತ ದೊಡ್ಡ ಗುಂಪು ದಾಟುವ ಜಾಗದಲ್ಲಿ ಎರಡಾಗಿ ಒಡೆಯುತ್ತದೆ, ಹಿಂದುಳಿದ ಮಕ್ಕಳು ನೋಡದೆ ಓಡಿ ಬರುತ್ತಾರೆ. ಯಾವ ಮೂಲೆಗೆ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದು ನಿಗದಿಯಾಗಿರಲಿ, ತಡವಾದವರಿಗೆ ಕಾಯುವುದು ಎರಡೇ ನಿಮಿಷ. ಶಾಲೆಯಲ್ಲಿ ನೆರಳಿರುವ ಜಾಗದಲ್ಲಿ ಒಂದು ಸೈಕಲ್ಲಿಗೆ 60 ಸೆಂಟಿಮೀಟರ್ ಅಗಲ, 2 ಮೀಟರ್ ಉದ್ದದ ಗುರುತು ಹಾಕಿಸಿ, ಒಂದು ಕಾಲುಪಂಪು, ಪಂಕ್ಚರ್ ಸಾಮಾನು ಇರಲಿ. ಮುಂದಿನ ಚಕ್ರ ಮಾತ್ರ ಸಿಕ್ಕಿಸುವ ಕಬ್ಬಿಣದ ಸ್ಟ್ಯಾಂಡ್ ರಿಮ್ ಡೊಂಕು ಮಾಡುತ್ತದೆ, ಅದನ್ನು ಕೊಳ್ಳಬೇಡಿ.

ನಿಮ್ಮ ಗುಂಪಿನಲ್ಲಿ ಹೈಸ್ಕೂಲ್ ಮಕ್ಕಳ ಪೋಷಕರೂ ಇರಬಹುದು. ಹದಿನೈದರ ಹುಡುಗನಿಗೆ ಸ್ಕೂಟರ್ ಕೊಟ್ಟು ಕಳಿಸುವ ಬದಲು ಈ ಕೆಲಸಕ್ಕೆ ಕೈ ಸೇರಿಸಲಿ. ಅಪ್ರಾಪ್ತರು ಓಡಿಸಿ ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯ 199ಎ ಸೆಕ್ಷನ್ ಪ್ರಕಾರ ಪೋಷಕರಿಗೋ ಮಾಲೀಕರಿಗೋ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಆ ಮಗುವಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಇಲ್ಲ.

ಕೊನೆಗೆ ಅರ್ಜಿ. ಆ ರಸ್ತೆ ಪಾಲಿಕೆಯದೋ, ಲೋಕೋಪಯೋಗಿ ಇಲಾಖೆಯದೋ, ಅಭಿವೃದ್ಧಿ ಪ್ರಾಧಿಕಾರದ್ದೋ ಎಂದು ಮೊದಲು ತಿಳಿದುಕೊಳ್ಳಿ, ಬಾಯಿಮಾತಿನ ಉತ್ತರ ಬೇಡ, ಬೇಕಾದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಅರ್ಜಿ ಎರಡು ಪುಟ ಮೀರದಿರಲಿ: ಒಂದರಲ್ಲಿ ನಕ್ಷೆ, ಇನ್ನೊಂದರಲ್ಲಿ ವೇಗದ ಪಟ್ಟಿ ಮತ್ತು ಕೇಳುತ್ತಿರುವ ಕೆಲಸ, ಅಳತೆ ಸಮೇತ. ಹಂಪ್‌ಗೆ ಐಆರ್‌ಸಿ 99, ದಾಟುವ ಜಾಗಕ್ಕೆ ಐಆರ್‌ಸಿ 103 ಎಂದು ನಮೂದಿಸಿ. ವಿನ್ಯಾಸದ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ ರಸ್ತೆ ಕಟ್ಟಿದವರೂ ನೋಡಿಕೊಳ್ಳಬೇಕಾದವರೂ ಒಂದು ಲಕ್ಷದವರೆಗೆ ದಂಡಕ್ಕೆ ಗುರಿಯಾಗುತ್ತಾರೆ ಎಂದು ಅದೇ ಕಾಯ್ದೆಯ 198ಎ ಸೆಕ್ಷನ್ ಹೇಳುತ್ತದೆ, ಅದನ್ನು ಒಂದು ವಾಕ್ಯದಲ್ಲಿ ನೆನಪಿಸಿದರೆ ಸಾಕು. ಮೂಲೆಯ ಬೊಲ್ಲಾರ್ಡ್, ಜಾಲರಿ ತಿರುಗಿಸುವುದು, ಬಣ್ಣ ಇವು ವಾರ್ಡಿನ ನಿರ್ವಹಣೆಯ ಹಣದಲ್ಲೇ ಆಗುವಂಥವು, ಈಗಲೇ ಕೇಳಿ. ಎತ್ತರಿಸಿದ ದಾಟುವ ಜಾಗಕ್ಕೆ ಬಜೆಟ್ ಬೇಕು, ಜನವರಿಯೊಳಗೆ ಅರ್ಜಿ ತಲುಪಿರಲಿ. ಗೇಟಿನ ಒಂದು ತಿಂಗಳ ಪ್ರಯೋಗವನ್ನು ನವೆಂಬರ್‌ನಲ್ಲಿ ಮಾಡಿ. ಅಷ್ಟರಲ್ಲಿ ಮಳೆ ಕಡಿಮೆಯಾಗಿರುತ್ತದೆ, ದಸರಾ ರಜೆ ಮುಗಿದಿರುತ್ತದೆ, ಪರೀಕ್ಷೆ ಇನ್ನೂ ದೂರ. ಪ್ರಯೋಗದ ಕೊನೆಯ ವಾರ ಅದೇ ಸುಣ್ಣದ ಗೆರೆಗಳ ನಡುವೆ, ಅದೇ ಹೊತ್ತಿಗೆ ಮತ್ತೆ ನೂರು ವಾಹನ ಅಳೆದು, ಆ ಹಾಳೆಯನ್ನೂ ಅರ್ಜಿಗೆ ಲಗತ್ತಿಸಿ.